ಚಿಂತೆಗಳ ನಡುವೆ ನಂಬಿಕೆ ಗಡ್ಡೆ ಕಟ್ಟಬೇಕಾದರೆ

ರಾತ್ರಿ ಎರಡೂವರೆ ಇರಬೇಕು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಹನ್ನೊಂದನೇ ಬೆಡ್ಡಿನ ಅಜ್ಜನಿಗೆ ಉಸಿರಾಟ ಕಷ್ಟವಾಗಿ ಆಕ್ಸಿಜನ್ ಹಚ್ಚಿದ್ದೆವು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೊರಳಿನ ಸಣ್ಣ ಶಿಲುಬೆ ನೋಡಿ, "ಸಿಸ್ಟರ್, ನೀವು ಯೇಸಪ್ಪನ ಮಂದಿ ಅಲ್ರೀ? ನಮ್ಮ ಯಜಮಾನ್ರ ಸಲುವಾಗಿ ಒಂದೀಟು ಪ್ರಾರ್ಥನೆ ಮಾಡ್ರಿ" ಎಂದರು. ಕಣ್ಣು ಮುಚ್ಚಿದೆ. ಒಂದು ಮಾತೂ ಬರಲಿಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಬೆಳಗಾದರೆ ಕಟ್ಟಬೇಕಾದ 6,840 ರೂಪಾಯಿಯ ಕಂತು. ಕೊನೆಗೆ "ಕರ್ತನೇ, ಕರುಣಿಸು" ಎಂದಷ್ಟೇ ಹೇಳಿ ಎದ್ದು ಬಂದೆ. ಡ್ಯೂಟಿ ರೂಮಿಗೆ ಹೋಗಿ ಅತ್ತುಬಿಟ್ಟೆ.

ನಾನು ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಕಾಣಿಕೆ ಕೊಡುತ್ತಿದ್ದೆ, ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದೆ. ನಂಬಿಕೆ ಬಿಟ್ಟೆನೆಂದು ಯಾರಿಗೂ ಅನಿಸುವಂತಿರಲಿಲ್ಲ, ನನಗೂ ಅನಿಸಿರಲಿಲ್ಲ. ಆದರೆ ಮೂರು ವರ್ಷದಿಂದ ಒಳಗೆ ಏನೂ ಬೆಳೆದಿರಲಿಲ್ಲ. ಸಾಲ, ಮಗಳ ಓದು, ಅತ್ತೆಯ ಬಿಪಿ, ಗಂಡನ ಕೆಲಸ. ಒಂದರ ಹಿಂದೆ ಒಂದು ಬಂದು ಮನಸ್ಸಿನ ಜಾಗವನ್ನೆಲ್ಲ ತುಂಬಿಕೊಂಡಿದ್ದವು.

ಆಮೇಲೆ ನಾನು ಏನೇನು ಮಾಡಿದೆ, ಯಾವುದು ಉಪಯೋಗಕ್ಕೆ ಬಂತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಇರುವವರು ಬಹಳ ಜನ ಇದ್ದಾರೆ ಅಂತ ನನಗೆ ಗೊತ್ತು.

ಕಸ ಯಾವುದು, ಬೆಳೆ ಯಾವುದು

ಆ ಆಗಸ್ಟಿನಲ್ಲಿ ನಾಲ್ಕು ದಿನ ರಜೆ ಹಾಕಿ ಗದಗಿನ ಹತ್ತಿರದ ನನ್ನ ತವರಿಗೆ ಹೋದೆ. ಉಳ್ಳಾಗಡ್ಡಿ ಬಿತ್ತಿ ಒಂದು ತಿಂಗಳಾಗಿತ್ತು. ಅವ್ವ ಹೆಚ್ಚು ಮಾತಾಡಲಿಲ್ಲ. ಕೈಗೆ ಕಸ ತೆಗೆಯುವ ಕುರ್ಚಿಗಿ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋದಳು.

ಎರೆ ಹೊಲದಲ್ಲಿ ಉಳ್ಳಾಗಡ್ಡಿ ಬೆಳೆದವರಿಗೆ ಜೇಕು ಎಂಬ ಕಸ ಎಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳ್ಳಾಗಡ್ಡಿ ನಿಧಾನಕ್ಕೆ ಬೆಳೆಯುವ ಬೆಳೆ. ಎಲೆ ಸಣ್ಣ, ನೆಟ್ಟಗೆ ನಿಲ್ಲುತ್ತೆ, ನೆಲಕ್ಕೆ ನೆರಳು ಕೊಡುವುದಿಲ್ಲ. ಹಾಗಾಗಿ ಖಾಲಿ ಜಾಗದಲ್ಲೆಲ್ಲ ಕಸ ಎದ್ದುಬಿಡುತ್ತೆ. ಚಿಕ್ಕದಿದ್ದಾಗ ಜೇಕು ಯಾವುದು, ಉಳ್ಳಾಗಡ್ಡಿ ಯಾವುದು ಥಟ್ಟನೆ ಗೊತ್ತಾಗುವುದಿಲ್ಲ. ಎರಡೂ ಹಸಿರು, ಎರಡೂ ಸಣ್ಣ. ನಾನು ಎರಡು ಉಳ್ಳಾಗಡ್ಡಿ ಸಸಿ ಕಿತ್ತುಹಾಕಿದ ಮೇಲೆ ಅವ್ವ ಪಕ್ಕದಲ್ಲಿ ಕೂತು ತೋರಿಸಿದಳು. "ಬೆರಳಾಗ ಹಿಚುಕಿ ನೋಡು. ದುಂಡಗ ಟೊಳ್ಳು ಇದ್ದು ವಾಸನಿ ಬಂತಂದ್ರ ನಮ್ಮದು. ಇಲ್ಲಂದ್ರ ಕಸ."

ಬಿತ್ತುವವನ ಸಾಮ್ಯದಲ್ಲಿ, ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ, ಕೆಲವು ಬೀಜ ಮುಳ್ಳುಗಿಡಗಳ ನಡುವೆ ಬಿದ್ದವು, ಆ ಮುಳ್ಳು ಎಂದರೆ ಲೋಕದ ಚಿಂತೆ, ಐಶ್ವರ್ಯದ ಮೋಸ ಎಂದು ಯೇಸು ಹೇಳುತ್ತಾನಲ್ಲ, ಅದು ನನಗೆ ಮೊದಲ ಸಲ ಹೊಲದಲ್ಲಿ ಕೂತು ಅರ್ಥವಾಯಿತು. ಆ ನೆಲ ಕೆಟ್ಟ ನೆಲವೇನಲ್ಲ. ಮುಳ್ಳು ಅಷ್ಟು ಹುಲುಸಾಗಿ ಬೆಳೆಯಬೇಕಾದರೆ ಅಲ್ಲಿ ಸಾರ ಇರಲೇಬೇಕು. ಬಂಡೆಯ ಮೇಲಿನ ಸಸಿಯಂತೆ ಅಲ್ಲಿನ ಸಸಿ ಒಣಗಿಹೋಯಿತು ಅಂತಲೂ ಮಾರ್ಕ ಬರೆಯುವುದಿಲ್ಲ. ಮುಳ್ಳು ಅಮುಕಿತು, ಫಲ ಬರಲಿಲ್ಲ, ಅಷ್ಟೇ. ಕಸದ ನಡುವಿನ ಉಳ್ಳಾಗಡ್ಡಿಯೂ ಹಾಗೆಯೇ. ದೂರದಿಂದ ಹಸಿರಾಗಿ ಕಾಣುತ್ತೆ. ಕಿತ್ತು ನೋಡಿದರೆ ಕೆಳಗೆ ಗಡ್ಡೆ ಕಟ್ಟಿರುವುದಿಲ್ಲ. ನನ್ನ ಮೂರು ವರ್ಷ ಹಾಗೆಯೇ ಇತ್ತು.

ಹುಬ್ಬಳ್ಳಿಗೆ ವಾಪಸ್ ಬಂದ ಮೇಲೆ ಒಂದು ವಾರ ಒಂದೇ ಕೆಲಸ ಮಾಡಿದೆ. ನೀವೂ ಇಲ್ಲಿಂದ ಶುರು ಮಾಡಿ. ಬೆಳಿಗ್ಗೆ ಎಚ್ಚರವಾದ ಕೂಡಲೇ ಮನಸ್ಸಿಗೆ ಬಂದ ಮೊದಲ ವಿಷಯವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಮಲಗುವ ಮುಂಚೆ ಕೊನೆಯ ವಿಷಯ ಬರೆಯಿರಿ. ಪ್ರಾರ್ಥನೆ ಮಾಡಬೇಕಿಲ್ಲ, ಸುಮ್ನೆ ಬರೆಯಿರಿ. ಏಳು ದಿನಕ್ಕೆ ಹದಿನಾಲ್ಕು ಸಾಲು. ನನ್ನ ಹದಿನಾಲ್ಕರಲ್ಲಿ ಒಂಬತ್ತು ಸಾಲು ಕಂತಿನ ಬಗ್ಗೆ ಇತ್ತು, ಮೂರು ಮಗಳ ಸಿಇಟಿ ಬಗ್ಗೆ, ಒಂದು ಅತ್ತೆಯ ಬಿಪಿ. ಒಂದು ಸಾಲು ಮಾತ್ರ, ನಾದಿನಿಯ ಹೊಸ ಮನೆಯ ಫೋಟೊ ನೋಡಿದ್ದು, ಬರೆಯುವಾಗ ನಾಚಿಕೆಯಾಯಿತು. ಆದರೂ ಬರೆದೆ.

ಆಮೇಲೆ ಒಂದೊಂದನ್ನೂ ಅವ್ವ ಹೇಳಿದ ಹಾಗೆ ಹಿಚುಕಿ ನೋಡಿ. ಯಾಕೆಂದರೆ ಚಿಂತೆ ಯಾವಾಗಲೂ ಜವಾಬ್ದಾರಿಯ ಹಾಗೆ ಕಾಣುತ್ತೆ. "ನಾನು ಚಿಂತೆ ಮಾಡದಿದ್ದರೆ ಈ ಮನೆ ನಡೆಯುತ್ತಾ?" ಅನಿಸುತ್ತೆ, ಅಲ್ವಾ? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದಕ್ಕೆ ಈವತ್ತು ನನ್ನ ಕೈಯಿಂದ ಆಗುವ ಕೆಲಸ ಏನಾದರೂ ಇದೆಯಾ? ಇದ್ದರೆ ಅದು ಜವಾಬ್ದಾರಿ, ಅದನ್ನು ಮಾಡಿ. ಅತ್ತೆಯ ಮಾತ್ರೆ ಮುಗಿದಿದೆ, ತರಬೇಕು. ಇದು ಬೆಳೆ. "ಮುಂದಿನ ವರ್ಷ ಅವರಿಗೆ ಸ್ಟ್ರೋಕ್ ಆದರೆ ಏನು ಗತಿ" ಎಂದು ರಾತ್ರಿ ಒಂದು ಗಂಟೆಗೆ ಯೋಚಿಸುವುದು ಜೇಕು.

ಗಡ್ಡೆ ಸಮೇತ

ಜೇಕನ್ನು ಮೇಲಿಂದ ಹರಿದರೆ ಏನೂ ಪ್ರಯೋಜನವಿಲ್ಲ. ಕೆಳಗೆ ಗಡ್ಡೆ ಇರುತ್ತೆ, ಒಂದರಿಂದ ಒಂದಕ್ಕೆ ದಾರದಂಥ ಬೇರು ಹೋಗಿ ಇನ್ನೊಂದು ಗಡ್ಡೆ. ಹರಿದ ನಾಲ್ಕೈದು ದಿನಕ್ಕೆ ಮತ್ತೆ ಚಿಗುರು ಬರುತ್ತೆ. ಕುರ್ಚಿಗಿಯ ತುದಿ ಆಳಕ್ಕೆ ಹೋಗಬೇಕು.

ನನ್ನ ಪ್ರಾರ್ಥನೆ ಮೇಲಿಂದ ಹರಿಯುವ ಪ್ರಾರ್ಥನೆಯಾಗಿತ್ತು. "ಕರ್ತನೇ, ನಮ್ಮ ಕುಟುಂಬವನ್ನು ಆಶೀರ್ವದಿಸು, ನಮ್ಮ ಕಷ್ಟಗಳನ್ನು ತೆಗೆದುಹಾಕು." ಯಾವ ಕಷ್ಟ? ಹೆಸರು ಹೇಳುತ್ತಿರಲಿಲ್ಲ. ಈಗ ಹೀಗೆ ಹೇಳುತ್ತೇನೆ: "ಕರ್ತನೇ, ಐದನೇ ತಾರೀಕಿನ 6,840 ರೂಪಾಯಿಗೆ 2,000 ಕಡಿಮೆ ಇದೆ. ಬ್ಯಾಂಕಿನವರು ಮನೆಗೆ ಬಂದರೆ ಓಣಿಯವರ ಮುಂದೆ ಮಾನ ಹೋಗುತ್ತೆ ಅಂತ ಭಯ." ಹಾಗೆ ಹೇಳಿದಾಗ ಕೆಳಗಿನ ಗಡ್ಡೆ ಕಂಡಿತು. ದುಡ್ಡಿಗಿಂತ ಜಾಸ್ತಿ ನನ್ನನ್ನು ಹಿಂಡುತ್ತಿದ್ದದ್ದು ಮಾನದ ಭಯ. ಅದನ್ನು ನಾನು ಒಂದು ದಿನವೂ ದೇವರ ಮುಂದೆ ಇಟ್ಟಿರಲಿಲ್ಲ. ಬಾಯಿಬಿಟ್ಟು, ಜೋರಾಗಿ ಹೇಳಿ. ಮನೆಯಲ್ಲಿ ಎಲ್ಲರೂ ಇದ್ದರೆ ಬಚ್ಚಲ ಮನೆಯಲ್ಲಿ ನಲ್ಲಿ ಬಿಟ್ಟು ಹೇಳಿ. ನಾನು ಬಹಳ ದಿನ ಹಾಗೇ ಮಾಡಿದೆ.

"ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ" ಎಂದು ಪೇತ್ರನು ತನ್ನ ಮೊದಲ ಪತ್ರಿಕೆಯ 5:7ರಲ್ಲಿ ಬರೆದಿದ್ದಾನೆ. ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಒಮ್ಮೆ ಬೈಬಲ್ ಅಧ್ಯಯನದಲ್ಲಿ ಇದರ ಬಗ್ಗೆ ಒಂದು ಮಾತು ಹೇಳಿದರು. ಇಲ್ಲಿ "ಹಾಕು" ಎನ್ನುವುದಕ್ಕೆ ಇರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಒಂದು ಕಡೆ ಬರುತ್ತದಂತೆ. ಲೂಕ 19:35, ಯೆರೂಸಲೇಮಿಗೆ ಹೋಗುವಾಗ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದ ಕಡೆ. ಅಂದರೆ ಬಟ್ಟೆ ತೆಗೆದು ಬೆನ್ನ ಮೇಲೆ ಎಸೆದ ಹಾಗೆ. ಎಸೆದ ಮೇಲೆ ಹೊರುವುದು ಕತ್ತೆಮರಿ, ಶಿಷ್ಯರು ಬರಿಗೈಲಿ ನಡೆದರು. ಈಗಲೂ ಆ ವಚನ ಹೇಳುವಾಗ ನಾನು ಹೆಗಲ ಮೇಲಿನ ಟವಲ್ ತೆಗೆದು ಕುರ್ಚಿಯ ಮೇಲೆ ಹಾಕುತ್ತೇನೆ. ಕೈ ಮಾಡಿದ್ದನ್ನು ಮನಸ್ಸು ಬೇಗ ಕಲಿಯುತ್ತೆ.

ಸಾಲ ಇರುವವರಿಗೆ ಒಂದು ಮಾತು. ಯೇಸು ಐಶ್ವರ್ಯದ ಮೋಸ ಎಂದದ್ದು ಶ್ರೀಮಂತರಿಗೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಸಾಲದವರನ್ನೂ ದುಡ್ಡು ಅಷ್ಟೇ ಕಟ್ಟಿಹಾಕುತ್ತೆ. ನಾವು ಗಂಡ-ಹೆಂಡತಿ ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ಒಂದು ತಾಸು ಲೆಕ್ಕಕ್ಕೆ ಇಟ್ಟೆವು. ಪುಸ್ತಕ, ಪಾಸ್‌ಬುಕ್, ಪೆನ್ನು. ಶುರುವಿಗೆ ಪ್ರಾರ್ಥನೆ, ಮುಗಿದ ಮೇಲೆ ಚಹಾ. ಉಳಿದ ದಿನ ಹಾಸಿಗೆಯಲ್ಲಿ ದುಡ್ಡಿನ ಮಾತು ಎತ್ತಬಾರದು ಎಂದು ಒಪ್ಪಂದ. ಮೊದಲ ಎರಡು ತಿಂಗಳು ಆ ತಾಸಿನಲ್ಲಿ ಜಗಳವಾಯಿತು. ಮೂರನೇ ತಿಂಗಳು ಆಗಲಿಲ್ಲ. ಸಾಲ ಕೂಡಲೇ ಕಡಿಮೆಯಾಗಲಿಲ್ಲ, ಆದರೆ ರಾತ್ರಿಗಳು ನಮ್ಮ ಕೈಗೆ ವಾಪಸ್ ಬಂದವು.

ಒಂದು ವಚನ, ಒಂದು ಚೀಟಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಕೊಡುತ್ತಾರಲ್ಲ, ಅದನ್ನು ಫ್ರಿಜ್ ಮೇಲೆ ಅಂಟಿಸಿ ಫೆಬ್ರವರಿಗೆ ಮರೆತುಬಿಡುವುದು ಸಾಮಾನ್ಯ. ವರ್ಷಕ್ಕೊಂದು ವಚನ ಬಹಳ ಕಡಿಮೆ. ಹೊಸ ವರ್ಷದ ಹುರುಪಿನಲ್ಲಿ ದಿನಕ್ಕೆ ನಾಲ್ಕು ಅಧ್ಯಾಯದ ಪಟ್ಟಿ ಹಿಡಿಯುವುದು ನೈಟ್ ಡ್ಯೂಟಿ ಮಾಡುವವರಿಗೆ ಆಗದ ಕೆಲಸ. ನಾಲ್ಕನೇ ವಾರಕ್ಕೆ ಬೈಬಲಿನ ಮೂರನೇ ಪುಸ್ತಕ ಯಾಜಕಕಾಂಡದಲ್ಲಿ ನಿಂತುಹೋಗುತ್ತೆ. ನಿಂತ ಮೇಲೆ ಅಪರಾಧಿ ಭಾವ, ಆಮೇಲೆ ಪುಸ್ತಕ ಮುಟ್ಟುವುದಕ್ಕೇ ಮನಸ್ಸಾಗುವುದಿಲ್ಲ.

ದಿನಕ್ಕೆ ಒಂದು ವಚನ ಸಾಕು. ಇದು ಹೊಸದೇನಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1728ರ ಮೇ ತಿಂಗಳಲ್ಲಿ ಜಿನ್ಜೆನ್‌ಡಾರ್ಫ್ ಎಂಬ ದೈವಭಕ್ತ ಸಂಜೆಯ ಕೂಟದಲ್ಲಿ ಜನರಿಗೆ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಅದು ದಿನದ ಪದ್ಧತಿಯಾಗಿ 1731ರಿಂದ ಪುಸ್ತಕವಾಗಿ ಅಚ್ಚಾಗುತ್ತಿದೆ, ಈವತ್ತಿಗೂ ನಿಂತಿಲ್ಲ. ಅಲ್ಲಿದ್ದವರಲ್ಲಿ ಬಹಳ ಜನ ಮೊರಾವಿಯಾದಿಂದ ಮನೆಮಠ ಬಿಟ್ಟು ಓಡಿಬಂದವರು. ಕೈಕೆಲಸ ಮಾಡಿ ಹೊಟ್ಟೆ ಹೊರೆಯುವ ಜನ. ಅವರಿಗೆ ಒಂದು ದಿನಕ್ಕೆ ಒಂದು ಮಾತು ಸಾಕಾಗಿತ್ತು.

ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿ ಅಥವಾ ಡ್ಯೂಟಿಗೆ ಹೊರಡುವ ಮುಂಚೆ ಒಂದು ಭಾಗ ಓದುತ್ತೇನೆ, ಹತ್ತು-ಹನ್ನೆರಡು ವಚನ. ಅದರಲ್ಲಿ ಒಂದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಚೀಟಿಯಲ್ಲಿ ಕೈಯಾರೆ ಬರೆಯುತ್ತೇನೆ. ಚೀಟಿ ಯೂನಿಫಾರ್ಮ್ ಜೇಬಿಗೆ. ಕೈ ತೊಳೆಯುವಾಗ ಅದನ್ನು ನೆನಪು ಮಾಡಿಕೊಳ್ಳುತ್ತೇನೆ. ನರ್ಸುಗಳು ಒಂದು ಪಾಳಿಯಲ್ಲಿ ಎಷ್ಟು ಸಲ ಕೈ ತೊಳೆಯುತ್ತಾರೆ ಅಂತ ನಿಮಗೆ ಗೊತ್ತಿಲ್ಲ! ಪ್ರತಿ ಸಲ ಒಂದು ವಚನ ಮನಸ್ಸಿನಲ್ಲಿ ಹೇಳಲು ಬೇಕಾದಷ್ಟು ಹೊತ್ತು ಸಿಗುತ್ತೆ. ನಿಮ್ಮ ಕೆಲಸದಲ್ಲಿ ಅಂಥದ್ದು ಯಾವುದು ನೋಡಿಕೊಳ್ಳಿ. ರೊಟ್ಟಿ ತಟ್ಟುವುದು, ಬಸ್ಸಿಗೆ ಕಾಯುವುದು, ಅಂಗಡಿಯ ಶಟರ್ ಎತ್ತುವುದು. ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ವಚನವನ್ನು ಗಂಟುಹಾಕಿ. "ಟೈಮ್ ಸಿಕ್ಕಾಗ" ಎಂದರೆ ಸಿಗುವುದಿಲ್ಲ.

ಎಲ್ಲಿಂದ ಓದಬೇಕು ಎಂದು ಕೇಳುವವರಿಗೆ ನಾನು ಮಾರ್ಕನ ಸುವಾರ್ತೆ ಹೇಳುತ್ತೇನೆ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ನಾಲ್ಕನೇ ಅಧ್ಯಾಯ ಪೂರ್ತಿ ಒಂದೇ ಕೂತಿಗೆ ಓದಿ. ಚಿಂತೆಯ ಮುಳ್ಳುಗಳ ಬಗ್ಗೆ ಹೇಳಿದ ಯೇಸು ಅದೇ ದಿನ ಸಂಜೆ ದೋಣಿ ಹತ್ತುತ್ತಾನೆ. ಬಿರುಗಾಳಿ ಏಳುತ್ತೆ, ದೋಣಿಗೆ ನೀರು ತುಂಬುತ್ತೆ, ಆತನು ದಿಂಬಿಗೆ ಒರಗಿ ನಿದ್ದೆ ಮಾಡುತ್ತಿರುತ್ತಾನೆ. ಇವೆರಡೂ ಒಂದೇ ದಿನದ ಮಾತು ಅಂತ ನಾನು ನಲವತ್ತೇಳನೇ ವಯಸ್ಸಿಗೆ ಗಮನಿಸಿದೆ. ಸಂಡೇ ಸ್ಕೂಲಿನಲ್ಲಿ ಎರಡನ್ನೂ ಬೇರೆ ಬೇರೆ ಕಥೆಗಳಾಗಿ ಕಲಿತಿದ್ದೆ.

ತುಂಬಾ ದಣಿದ ದಿನಕ್ಕೆ 131ನೇ ಕೀರ್ತನೆ. ಮೂರೇ ವಚನ. ಮೊಲೆ ಬಿಟ್ಟ ಮಗು ತಾಯಿಯ ಹತ್ತಿರ ಸುಮ್ಮನೆ ಇರುವಂತೆ ನನ್ನ ಪ್ರಾಣ ಸುಮ್ಮನಿದೆ ಎನ್ನುತ್ತೆ. ಹಾಲಿಗೆ ಅಳುವ ಕೂಸಲ್ಲ ಅದು. ಏನೂ ಕೇಳದೆ ಸುಮ್ಮನೆ ಮಡಿಲಲ್ಲಿ ಇರುವ ಕೂಸು. ಸಿಟ್ಟು ಬಂದ ದಿನಕ್ಕೆ 13ನೇ ಕೀರ್ತನೆ. ದಾವೀದ ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಇನ್ನೂ ಎಷ್ಟು ದಿನ" ಎಂದು ದೇವರನ್ನು ಕೇಳುತ್ತಾನೆ. ಹಾಗೆ ಕೇಳಬಹುದು ಎಂದು ತಿಳಿದದ್ದೇ ನನಗೆ ಎಷ್ಟೋ ಸಮಾಧಾನ ಕೊಟ್ಟಿತು.

ಫೋನು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಫೋನನ್ನು ಅಲಾರಂ ಆಗಿ ಬಳಸುವುದು ಬಿಡಿ. ನಾನು 220 ರೂಪಾಯಿ ಕೊಟ್ಟು ಒಂದು ಗಡಿಯಾರ ತಂದೆ. ಫೋನು ರಾತ್ರಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ. ವಚನ ಬರೆದು ಚೀಟಿ ಜೇಬಿಗೆ ಇಟ್ಟ ಮೇಲೆ ಅದನ್ನು ಕೆಳಗೆ ಇಳಿಸುವುದು.

ಇನ್ನೊಂದು ಮಾತು ಕೆಲವರಿಗೆ ಬೇಸರವಾಗಬಹುದು. ಹೂವಿನ ಚಿತ್ರದ ಮೇಲೆ ವಚನ ಬರೆದು ಬೆಳಿಗ್ಗೆ ಬೆಳಿಗ್ಗೆ ಮೂವತ್ತು ಜನರಿಗೆ ಕಳಿಸುವುದನ್ನು ನಾನೂ ಮಾಡುತ್ತಿದ್ದೆ. ಕಳಿಸಿದ ವಚನ ಯಾವುದು ಎಂದು ಮಧ್ಯಾಹ್ನ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಳಿಸಿದ್ದನ್ನೇ ಓದಿದೆ ಎಂದು ತಿಳಿದುಕೊಂಡಿದ್ದೆ. ಈಗ ವಾರಕ್ಕೆ ಒಬ್ಬರಿಗೆ, ಅವರ ಹೆಸರು ಹಾಕಿ, ಅವರಿಗಾಗಿ ಪ್ರಾರ್ಥಿಸಿದ ಮೇಲೆ ಒಂದು ವಚನ ಕಳಿಸುತ್ತೇನೆ. ಆದರೆ ಫೋನಿನಲ್ಲಿ ಕನ್ನಡ ಬೈಬಲನ್ನು ಕಿವಿಯಲ್ಲಿ ಕೇಳುವುದು ಒಳ್ಳೆಯದೇ. ಬಸ್ಸಿನಲ್ಲಿ ನಿಂತುಕೊಂಡೇ ಹೋಗುವವರಿಗೆ, ಕಣ್ಣು ಮಂಜಾದವರಿಗೆ ಅದು ದೊಡ್ಡ ಉಪಕಾರ.

ಮುಯ್ಯಿ ಆಳು

ಒಂದು ಎಕರೆ ಉಳ್ಳಾಗಡ್ಡಿಯ ಕಸವನ್ನು ಒಬ್ಬಳೇ ತೆಗೆಯುವುದು ಸಾಧ್ಯವಿಲ್ಲ. ಈ ತುದಿಯಿಂದ ಆ ತುದಿ ಮುಟ್ಟುವ ಹೊತ್ತಿಗೆ ಹಿಂದೆ ಮತ್ತೆ ಎದ್ದಿರುತ್ತೆ. ಅದಕ್ಕೇ ನಮ್ಮ ಕಡೆ ಮುಯ್ಯಿ ಆಳು. ಈವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಸಾಲಿಗೊಬ್ಬರು ಕೂತು, ಮಾತಾಡುತ್ತ, ಹಾಡುತ್ತ ಮುಂದೆ ಸರಿಯುವುದು.

ಸಭೆಯಲ್ಲಿ ನನಗೆ ನೂರಾರು ಜನ ಗೊತ್ತು. ಆದರೆ ಸಾಲದ ವಿಷಯ ಒಬ್ಬರಿಗೂ ಹೇಳಿರಲಿಲ್ಲ. "ಹೇಗಿದ್ದೀರಿ ಅಕ್ಕಾ?" ಎಂದರೆ "ದೇವರ ಕೃಪೆ, ಚೆನ್ನಾಗಿದ್ದೇವೆ" ಅನ್ನುತ್ತಿದ್ದೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟದ ಒಬ್ಬ ಅಕ್ಕನಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ, ಎಲ್ಲ ಹೇಳಿಬಿಟ್ಟೆ. ಅವರು ಉಪದೇಶ ಮಾಡಲಿಲ್ಲ. "ನನ್ನ ಮಗ ಕುಡಿಯುತ್ತಾನೆ, ಯಾರಿಗೂ ಹೇಳಿಲ್ಲ" ಎಂದರು. ಅಂದಿನಿಂದ ಬುಧವಾರ ಸಂಜೆ ಇಪ್ಪತ್ತು ನಿಮಿಷ, ಅವರ ಮನೆಯಲ್ಲಿ ಅಥವಾ ನಮ್ಮ ಮನೆಯಲ್ಲಿ. ನಾನು ಅವರ ಮಗನಿಗಾಗಿ, ಅವರು ನನ್ನ ಕಂತಿಗಾಗಿ.

ಆಳು ಆರಿಸುವಾಗ ಮೂರು ನೋಡಿ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದವರಿರಬೇಕು. ತಮ್ಮ ಕಷ್ಟವನ್ನೂ ಹೇಳುವವರಿರಬೇಕು. ನಡೆದು ಹೋಗುವಷ್ಟು ಹತ್ತಿರ ಇರಬೇಕು. ಈ ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೂರ ಇದ್ದರೆ ಮಳೆಗಾಲದಲ್ಲಿ ನಿಂತುಹೋಗುತ್ತೆ.

ಏನೂ ಅನಿಸದ ದಿನಗಳು

ಇಷ್ಟೆಲ್ಲ ಮಾಡಿದರೂ ಕೆಲವು ವಾರ ಒಳಗೆ ಒಣಗಿದ ಹಾಗೇ ಇರುತ್ತೆ. ಚೀಟಿ ಬರೆಯುತ್ತೀರಿ, ಏನೂ ಅನಿಸುವುದಿಲ್ಲ. ಬರೆಯುತ್ತಾ ಇರಿ. ಒಳ್ಳೆಯ ನೆಲದವರು ತಾಳ್ಮೆಯಿಂದ ಫಲ ಕೊಡುತ್ತಾರೆ ಎಂದು ಲೂಕ 8:15ರಲ್ಲಿ ಇದೆ. ಉಳ್ಳಾಗಡ್ಡಿ ಗಡ್ಡೆ ಕಟ್ಟುವುದು ಎಲೆಯೆಲ್ಲ ಬೆಳೆದ ಮೇಲೆ, ಕೊನೆಗೆ. ಅಲ್ಲಿಯವರೆಗೆ ಬಗೆದು ಬಗೆದು ನೋಡಿದರೆ ಬೇರು ಹಾಳಾಗುತ್ತೆ.

ಆದರೆ ನರ್ಸಾಗಿ ಒಂದು ಮಾತು ಹೇಳಲೇಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕು ಸಾಕು ಅನಿಸುತ್ತೆ ಅಂತಾದರೆ ಡಾಕ್ಟರ ಹತ್ತಿರ ಹೋಗಿ. ಇನ್ನೂ ಜಾಸ್ತಿ ಪ್ರಾರ್ಥಿಸಿದರೆ ಸರಿಹೋಗುತ್ತೆ ಎಂದು ಮುಂದೂಡಬೇಡಿ. ಬದುಕು ಸಾಕು ಅನಿಸಿದ ದಿನವಂತೂ ಕಾಯಲೇಬೇಡಿ. ಆ ದಿನವೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಜೊತೆಗೆ ಕರೆದುಕೊಂಡು ಹೋಗಿ. ಅದು ನಂಬಿಕೆಯ ಕೊರತೆ ಅಲ್ಲವೇ ಅಲ್ಲ. ಪ್ರವಾದಿ ಎಲೀಯನು ಮರದ ಕೆಳಗೆ ಕೂತು "ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು" ಎಂದಾಗ ದೇವರು ಏನು ಮಾಡಿದ, ಒಂದನೇ ಅರಸುಗಳು 19ರಲ್ಲಿ ನೋಡಿ. ಮೊದಲು ನಿದ್ದೆ. ದೂತ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ನಿದ್ದೆ. ಮತ್ತೆ ರೊಟ್ಟಿ. ಮಾತು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಹನ್ನೊಂದನೇ ಬೆಡ್ಡಿನ ಅಜ್ಜ ಆ ವಾರ ಗುಣವಾಗಿ ಮನೆಗೆ ಹೋದರು. ಹೋಗುವಾಗ ಅಜ್ಜಿ ನನ್ನ ಕೈ ಹಿಡಿದು, "ನಿಮ್ಮ ಪ್ರಾರ್ಥನಿ ಹತ್ತಿತು ನೋಡ್ರಿ" ಎಂದರು. ನಾನು ಆಡಿದ್ದು ಎರಡೇ ಮಾತು. ಅದನ್ನೂ ಆತನು ಕೇಳಿದ್ದ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ಈ ಸಲ ಮಳೆ ಚಲೋ ಆಗಿದೆ, ಜೇಕೂ ಜಾಸ್ತಿ ಎದ್ದಿದೆಯಂತೆ. ಬುಧವಾರದ ಅಕ್ಕನಿಗೆ ಹೇಳಿದೆ, ಅವರೂ ಬರುತ್ತೇನೆ ಅಂದರು. ಶುಕ್ರವಾರದ ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ.